ಸ್ಮಾರ್ಟ್ ಟಿವಿಗೆ ಮನೆಯ ಇಂಟರ್ನೆಟ್: ರೂಟರ್‌ನಿಂದ ಪರದೆಯವರೆಗಿನ ದಾರಿ

[ದೃಶ್ಯ: ಗೋಡೆಗೆ ಹಾಕಿದ ಟಿವಿ. ಪರದೆಯ ನಡುವೆ ಸುತ್ತುತ್ತಿರುವ ಬಫರಿಂಗ್ ಚಕ್ರ. ಮೂಲೆಯ ವೈಫೈ ಚಿಹ್ನೆಯಲ್ಲಿ ಎಲ್ಲ ಗೆರೆಗಳೂ ತುಂಬಿವೆ.]

ನಿರೂಪಣೆ:
ವೀಕ್ಷಕರಿಗೆ ನಮಸ್ಕಾರ. ಸ್ಮಾರ್ಟ್ ಟಿವಿ ಇರುವ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. ವೈಫೈ ಸೇರಿದೆ, ಗೆರೆಗಳೆಲ್ಲ ತುಂಬಿವೆ, ಆದರೂ ಚಿತ್ರ ನಡುನಡುವೆ ನಿಂತುಬಿಡುತ್ತದೆ. ಇಂಥ ಹೊತ್ತಿನಲ್ಲಿ ಅನೇಕರು ಇಂಟರ್ನೆಟ್ ಕಂಪನಿಗೆ ಕರೆಮಾಡಿ ಇನ್ನೂ ಹೆಚ್ಚು ವೇಗದ, ಇನ್ನೂ ಹೆಚ್ಚು ಬೆಲೆಯ ಪ್ಲಾನ್ ಹಾಕಿಸಿಕೊಳ್ಳುತ್ತಾರೆ. ಆ ಹಣ ಬಹುಪಾಲು ವ್ಯರ್ಥವಾಗುತ್ತದೆ. ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಸೂಚಿಸಿರುವ ವೇಗವನ್ನು ನೋಡಿ: ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ (ಅಂದರೆ ಸೆಕೆಂಡಿಗೆ 5 ಮೆಗಾಬಿಟ್), ಅದಕ್ಕಿಂತ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಎಂಬಿಪಿಎಸ್. ಮನೆಗೆ 100 ಎಂಬಿಪಿಎಸ್ ಬರುತ್ತಿದ್ದರೆ ಒಂದು ಟಿವಿಗೆ ಅದು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ತೊಂದರೆ ಇರುವುದು ಹೆಚ್ಚಿನ ಸಲ ಕಂಪನಿಯ ಲೈನಿನಲ್ಲಿ ಅಲ್ಲ; ಮನೆಯೊಳಗೆ ವೈಫೈ ಹರಡುವ ರೂಟರ್‌ನಿಂದ ಟಿವಿಯವರೆಗಿನ ಕೆಲವೇ ಅಡಿಗಳ ದಾರಿಯಲ್ಲಿ. ಈ ವಿಡಿಯೋದಲ್ಲಿ ಆ ದಾರಿಯನ್ನೇ ನೋಡೋಣ.

[ದೃಶ್ಯ: ಫೈಬರ್ ಮೋಡೆಮ್‌ನ ದೀಪಗಳು, ಹತ್ತಿರದಿಂದ.]

ನಿರೂಪಣೆ:
ಟಿವಿಯ ರಿಮೋಟ್ ಮುಟ್ಟುವ ಮೊದಲು ಮೋಡೆಮ್, ಅಂದರೆ ಕಂಪನಿಯ ಲೈನ್ ಬಂದು ಸೇರುವ ಪೆಟ್ಟಿಗೆ, ನೋಡಿ. ಫೈಬರ್ ಸಂಪರ್ಕವಾಗಿದ್ದರೆ ಅದರಲ್ಲಿ 'ಪಿಒಎನ್' ಎಂಬ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿರಬೇಕು. 'ಎಲ್ಒಎಸ್' ದೀಪ ಕೆಂಪಾಗಿದ್ದರೆ ಫೈಬರ್ ಎಳೆ ಎಲ್ಲೋ ತುಂಡಾಗಿದೆ ಅಥವಾ ಕನೆಕ್ಟರ್ ಸಡಿಲವಾಗಿದೆ ಎಂದು ಅರ್ಥ. ಆಗ ಕಂಪನಿಯವರನ್ನೇ ಕರೆಯಬೇಕು, ಟಿವಿಯಲ್ಲಿ ಏನು ಮಾಡಿದರೂ ಫಲವಿಲ್ಲ. ದೀಪಗಳು ಸರಿಯಿದ್ದು ಫೋನಿನಲ್ಲಿ ಅದೇ ವೈಫೈ ಮೂಲಕ ವಿಡಿಯೋ ಓಡುತ್ತಿದ್ದರೆ ಮುಂದಿನ ಮಾತಿಗೆ ಹೋಗಬಹುದು.

[ದೃಶ್ಯ: ಟಿವಿಯ ಹಿಂಬದಿ. ಲ್ಯಾನ್ ಪೋರ್ಟ್‌ಗೆ ಕೇಬಲ್ ತುದಿಯನ್ನು ಸಿಕ್ಕಿಸುವ ಕೈ.]

ನಿರೂಪಣೆ:
ಫೋನು ಮನೆಯೆಲ್ಲ ಓಡಾಡುತ್ತದೆ, ಅದಕ್ಕೆ ವೈಫೈ ಬೇಕೇ ಬೇಕು. ಟಿವಿ ಹಾಗಲ್ಲ, ಒಮ್ಮೆ ಗೋಡೆಗೆ ಹಾಕಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆದ್ದರಿಂದ ಸಾಧ್ಯವಿರುವ ಪ್ರತಿ ಮನೆಯಲ್ಲೂ ಟಿವಿಗೆ ಲ್ಯಾನ್ ಕೇಬಲ್, ಅಂದರೆ ರೂಟರ್‌ನಿಂದ ನೇರವಾಗಿ ಇಂಟರ್ನೆಟ್ ತರುವ ತಂತಿ, ಎಳೆಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮುದ್ರಿತವಾಗಿರುವ ತಾಮ್ರದ ಕೇಬಲ್ ಸಾಕು. ಇವೆರಡೂ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ತಾಳುತ್ತವೆ, ನಮ್ಮ ಯಾವ ಮನೆಯೂ ಅಷ್ಟು ಉದ್ದವಿರುವುದಿಲ್ಲ. ಒಂದು ತುದಿಯನ್ನು ರೂಟರ್‌ನ ಲ್ಯಾನ್ ಪೋರ್ಟ್‌ಗೆ, ಇನ್ನೊಂದನ್ನು ಟಿವಿಯ ಹಿಂಬದಿಯ ಪೋರ್ಟ್‌ಗೆ 'ಟಿಕ್' ಎಂದು ಸದ್ದಾಗುವಂತೆ ಸೇರಿಸಿದರೆ, ಪಾಸ್‌ವರ್ಡ್ ಹಾಕುವ ಗೋಜೂ ಇಲ್ಲದೆ ಟಿವಿ ತಾನಾಗಿಯೇ ಜಾಲಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಅಚ್ಚರಿ ಎದುರಾಗಬಹುದು. 300 ಎಂಬಿಪಿಎಸ್ ಪ್ಲಾನ್ ಇದ್ದೂ ಟಿವಿಯಲ್ಲಿ ವೇಗ ಅಳೆದರೆ 95ರ ಸುಮಾರಿನಲ್ಲೇ ನಿಲ್ಲುತ್ತದೆ. ಕೇಬಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ ಗರಿಷ್ಠ 100 ಎಂಬಿಪಿಎಸ್‌ಗಷ್ಟೇ ತಯಾರಾದದ್ದು; ದುಬಾರಿ ಟಿವಿಗಳಲ್ಲೂ ಹೀಗೇ ಇರುತ್ತದೆ. ಅದೇ ಟಿವಿ ರೂಟರ್ ಪಕ್ಕದಲ್ಲಿದ್ದರೆ ವೈಫೈ ಇದಕ್ಕಿಂತ ಹೆಚ್ಚಿನ ಅಂಕಿ ತೋರಿಸಲೂಬಹುದು. ಆದರೆ ಚಲನಚಿತ್ರ ನೋಡುವವರಿಗೆ ಬೇಕಾದದ್ದು ಅತಿ ಹೆಚ್ಚಿನ ವೇಗವಲ್ಲ, ಕುಗ್ಗದೆ ಒಂದೇ ಸಮನೆ ಹರಿಯುವ ವೇಗ. ಕುಗ್ಗದ 95 ಎಂಬಿಪಿಎಸ್, ಏರಿಳಿಯುವ 250ಕ್ಕಿಂತ ಮೇಲು.

ಮನೆ ಕಟ್ಟಿಸುತ್ತಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಗೋಡೆಗೆ ಪ್ಲಾಸ್ಟರ್ ಆಗುವ ಮುನ್ನವೇ, ಫೈಬರ್ ಒಳಬರುವ ಜಾಗದಿಂದ ಟಿವಿಯ ಗೋಡೆಗೆ ಮತ್ತು ಮಹಡಿಗೆ ಪ್ರತ್ಯೇಕವಾದ ಪೈಪ್ ಹಾಕಿಸಿ. ಎಲೆಕ್ಟ್ರಿಷಿಯನ್ ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ಎಳೆಯುತ್ತೇನೆ ಎಂದರೆ ಒಪ್ಪಬೇಡಿ. ಅದು ಸುರಕ್ಷಿತವೂ ಅಲ್ಲ, ಸಂಕೇತಕ್ಕೆ ಒಳ್ಳೆಯದೂ ಅಲ್ಲ. ಆಗ ಆಗುವ ಖರ್ಚು ತೀರಾ ಸಣ್ಣದು. ಗೃಹಪ್ರವೇಶದ ನಂತರ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ.

[ದೃಶ್ಯ: ಮನೆಯ ನಕ್ಷೆ. ರೂಟರ್‌ನಿಂದ ಹೊರಡುವ ತರಂಗಗಳು ಗೋಡೆಗಳನ್ನು ದಾಟುತ್ತ ಮಸುಕಾಗುತ್ತವೆ.]

ನಿರೂಪಣೆ:
ಬಾಡಿಗೆ ಮನೆಯಲ್ಲಿ ಇರುವವರಿಗೆ, ಕೇಬಲ್ ಎಳೆಯಲು ದಾರಿಯೇ ಇಲ್ಲದವರಿಗೆ ವೈಫೈ ಅನಿವಾರ್ಯ. ಮನೆಯ ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ರೇಡಿಯೋ ತರಂಗಗಳ ಎರಡು ಆವರ್ತನ ಪಟ್ಟಿಗಳಲ್ಲಿ, ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಗಳನ್ನು ಒಂದಿಷ್ಟು ಚೆನ್ನಾಗಿ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೊರಗಿಬಿಡುತ್ತದೆ. ಭಾರತ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಿಂದ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ಪರವಾನಗಿಯಿಲ್ಲದ ಬಳಕೆಗೆ ತೆರೆದುಕೊಂಡಿತು. ಹಾಗಿದ್ದೂ ಅಗ್ಗದ 32 ಇಂಚಿನ ಟಿವಿಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ಕೊಳ್ಳುವಾಗ ಅಂಗಡಿಯಲ್ಲಿ 'ಡ್ಯುಯಲ್ ಬ್ಯಾಂಡ್ ವೈಫೈ ಇದೆಯೇ' ಎಂದು ಕೇಳಿ, ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಕಣ್ಣಾರೆ ನೋಡಿ.

ನಗರದ ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಸ್‌ನ ಪಾಡು ಹೇಳತೀರದು. ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ರೂಟರ್‌ಗಳು, ಬ್ಲೂಟೂತ್ ಸಾಧನಗಳು, ಅಡುಗೆಮನೆಯ ಮೈಕ್ರೋವೇವ್ ಒಲೆ, ಎಲ್ಲವೂ ಅದೇ ಕಿರಿದಾದ ಆವರ್ತನದ ಪಟ್ಟಿಯನ್ನು ಹಂಚಿಕೊಳ್ಳುತ್ತವೆ. ಆ ಪಟ್ಟಿಯ ಉಪಭಾಗಗಳಾದ ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬೀಳದವು ಮೂರೇ: 1, 6 ಮತ್ತು 11. ಗೆರೆಗಳೆಲ್ಲ ತುಂಬಿದ್ದರೂ ಚಿತ್ರ ನಿಲ್ಲುವುದಕ್ಕೆ ಕಾರಣ ಇಲ್ಲಿದೆ. ಗೆರೆಗಳು ಹೇಳುವುದು ಸಂಕೇತದ ಬಲವನ್ನು ಮಾತ್ರ. ಸುತ್ತಲಿನ ಗದ್ದಲವನ್ನು ಅವು ತೋರಿಸುವುದಿಲ್ಲ. ನಿಮ್ಮ ಟಿವಿಗೆ 5 ಗಿಗಾಹರ್ಟ್ಸ್ ಬರುವುದಾದರೆ, ಮತ್ತು ರೂಟರ್ ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ, ಮರುಯೋಚನೆಯಿಲ್ಲದೆ ಅದನ್ನೇ ಆರಿಸಿಕೊಳ್ಳಿ.

ಇನ್ನು ರೂಟರ್‌ನ ಜಾಗ. ಫೈಬರ್ ಹಾಕಲು ಬಂದವರು ತಮಗೆ ಅನುಕೂಲವಾದ ಕಿಟಕಿಯ ಪಕ್ಕದಲ್ಲೋ ಬಾಗಿಲ ಮೇಲೋ ಅದನ್ನು ಕೂರಿಸಿ ಹೋಗುತ್ತಾರೆ. ಅವರಿರುವಾಗಲೇ ಇನ್ನೂ ನಾಲ್ಕಾರು ಮೀಟರ್ ಫೈಬರ್ ಒಳಗೆ ಎಳೆಸಿಕೊಂಡು, ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಿಸಿಕೊಳ್ಳುವುದು ಲೇಸು. ನೋಡಲು ಚೆನ್ನಾಗಿಲ್ಲವೆಂದು ರೂಟರ್ ಅನ್ನು ಬೀರುವಿನೊಳಗೋ ಟಿವಿಯ ಬೆನ್ನ ಹಿಂದೆಯೋ ಬಚ್ಚಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಟಿವಿಯೊಳಗಿನ ಲೋಹದ ತಗಡು ತರಂಗಗಳನ್ನು ತಡೆಯುತ್ತದೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಅಕ್ವೇರಿಯಂ ಕೂಡ ಅದನ್ನೇ ಮಾಡುತ್ತವೆ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ಸ್ಲ್ಯಾಬ್, ಇವುಗಳ ಆಚೆ 5 ಗಿಗಾಹರ್ಟ್ಸ್ ನಿರೀಕ್ಷಿಸುವಂತಿಲ್ಲ. ಅಂಥಲ್ಲಿ ಮೆಶ್ ವ್ಯವಸ್ಥೆಯ, ಅಂದರೆ ಹಲವು ಘಟಕಗಳು ಸೇರಿ ಒಂದೇ ವೈಫೈಯನ್ನು ಮನೆಯೆಲ್ಲ ಹರಡುವ ವ್ಯವಸ್ಥೆಯ, ಎರಡನೆಯ ಘಟಕ ಬೇಕಾಗುತ್ತದೆ. ಅದನ್ನು ಟಿವಿಯ ಪಕ್ಕದಲ್ಲಿಡುವುದು ಸಾಮಾನ್ಯ ತಪ್ಪು. ಸಂಕೇತ ಈಗಾಗಲೇ ಸತ್ತಿರುವ ಜಾಗದಲ್ಲಿ ಅದಕ್ಕೆ ಮುಂದೆ ಸಾಗಿಸಲು ಏನೂ ಸಿಗುವುದಿಲ್ಲ. ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಸಂಕೇತವನ್ನು ಹಿಡಿದು ಮುಂದೆ ಸಾಗಿಸುವ, ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಚಾನೆಲ್ ಬಳಸುವುದರಿಂದ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬುದೂ ನೆನಪಿರಲಿ.

[ದೃಶ್ಯ: ಟಿವಿಯ ಸೆಟ್ಟಿಂಗ್ಸ್ ಪರದೆ.]

ನಿರೂಪಣೆ:
ಟಿವಿಯಲ್ಲಿ ಮಾಡಬೇಕಾದ ಕೆಲಸ ಚಿಕ್ಕದು. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗಳಲ್ಲಿ ಸೆಟ್ಟಿಂಗ್ಸ್‌ನೊಳಗೆ 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್' ತೆರೆಯಿರಿ. ಉಳಿದ ಕಂಪನಿಗಳ ಟಿವಿಗಳಲ್ಲೂ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್' ಅಥವಾ 'ಕನೆಕ್ಷನ್' ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ನಿಮ್ಮ ವೈಫೈ ಹೆಸರನ್ನು ಆರಿಸಿ ಪಾಸ್‌ವರ್ಡ್ ಹಾಕಿ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕುವಾಗ ದೊಡ್ಡಕ್ಷರ ಚಿಕ್ಕಕ್ಷರ ಅದಲುಬದಲಾಗುವುದು ಸಹಜವಾದ್ದರಿಂದ, ಪಾಸ್‌ವರ್ಡ್ ಕಾಣುವಂತೆ ಮಾಡುವ ಗುರುತು ಇದ್ದರೆ ಅದನ್ನು ಒತ್ತಿಕೊಳ್ಳಿ.

ಪಾಸ್‌ವರ್ಡ್ ಸರಿಯಿದ್ದೂ ಟಿವಿ ಸೇರದಿದ್ದರೆ ರೂಟರ್‌ನ ಭದ್ರತಾ ಆಯ್ಕೆಯನ್ನು ಪರೀಕ್ಷಿಸಿ. ಹೊಸ ರೂಟರ್‌ನಲ್ಲಿ ವೈಫೈ ಭದ್ರತೆಯ ಹೊಸ ಪದ್ಧತಿಯಾದ ಡಬ್ಲ್ಯೂಪಿಎ3 ಮಾತ್ರ ಇರಿಸಿದ್ದರೆ ಹಳೆಯ ಟಿವಿಗಳು ಅದನ್ನು ಅರಿಯಲಾರವು. ಡಬ್ಲ್ಯೂಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಗೆ ಬದಲಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಫೋನಿನಿಂದ ಟಿವಿಗೆ ವಿಡಿಯೋ ಕಳುಹಿಸುವ ಇಚ್ಛೆಯಿದ್ದರೆ ಎರಡೂ ಒಂದೇ ಜಾಲದಲ್ಲಿರಬೇಕು. ಒಂದು ಅತಿಥಿ ಜಾಲದಲ್ಲಿ, ಇನ್ನೊಂದು ಮನೆಯ ಜಾಲದಲ್ಲಿ ಇದ್ದರೆ ಅವು ಒಂದನ್ನೊಂದು ಕಾಣುವುದಿಲ್ಲ.

[ದೃಶ್ಯ: ಪರದೆಯ ಮೇಲೆ 'ವೈಫೈ ಸೇರಿದೆ, ಇಂಟರ್ನೆಟ್ ಇಲ್ಲ' ಎಂಬ ಸಂದೇಶ.]

ನಿರೂಪಣೆ:
ಈ ಸಂದೇಶ ಬಂದಾಗ ಟಿವಿಯ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿಗಳು, ನೋಡಿ. ಮನೆಯ ರೂಟರ್ ಕೊಟ್ಟ ವಿಳಾಸ ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಡಲೇ ಇಲ್ಲ, ಟಿವಿ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ರೂಟರ್ ಆರಿಸಿ ಮತ್ತೆ ಹಚ್ಚಿದರೆ ಬಹುತೇಕ ಸರಿಹೋಗುತ್ತದೆ. ವಿಳಾಸ ಸರಿಯಿದ್ದೂ ಆ್ಯಪ್‌ಗಳು ತೆರೆಯದಿದ್ದರೆ ದಿನಾಂಕ ಮತ್ತು ಸಮಯ ನೋಡಿ. ಬಹಳ ದಿನ ಪ್ಲಗ್ ತೆಗೆದಿಟ್ಟ ಕೆಲವು ಟಿವಿಗಳಲ್ಲಿ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ಆ್ಯಪ್ ಪ್ರತಿಸಲವೂ ತನ್ನ ಸರ್ವರ್‌ನ ಡಿಜಿಟಲ್ ಪ್ರಮಾಣಪತ್ರವನ್ನು ಪರಿಶೀಲಿಸುತ್ತದೆ, ಆ ಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತವೆ. ಟಿವಿಯ ದಿನಾಂಕ ತಪ್ಪಿದ್ದರೆ ನಿಜವಾದ ಪತ್ರವೂ ಅದಕ್ಕೆ ಸುಳ್ಳೆನಿಸುತ್ತದೆ. ಇದರ ಮತ್ತೊಂದು ಮುಖವನ್ನು 2021ರಲ್ಲಿ ಜಗತ್ತು ಕಂಡಿತು. ಜಾಲತಾಣಗಳಿಗೆ ಇಂಥ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ತನ್ನ ಪತ್ರಗಳ ನಂಬಿಕೆಗೆ ಆಸರೆಯಾಗಿಟ್ಟುಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಆ ವರ್ಷದ ಸೆಪ್ಟೆಂಬರ್ 30ರಂದು ಮುಗಿದಾಗ, ವರ್ಷಗಳಿಂದ ಸಾಫ್ಟ್‌ವೇರ್ ಅಪ್‌ಡೇಟ್ ಪಡೆಯದ ಹಳೆಯ ಸಾಧನಗಳು ಇಂಟರ್ನೆಟ್ ಇದ್ದೂ ಎಷ್ಟೋ ತಾಣಗಳನ್ನು ತೆರೆಯಲಾರದೆ ಹೋದವು. ಆದ್ದರಿಂದ ಸಂಪರ್ಕ ಸಿಕ್ಕ ಕೂಡಲೇ ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವುದನ್ನು ಮುಂದೂಡಬೇಡಿ.

[ದೃಶ್ಯ: ಹಳ್ಳಿಯ ಮನೆಯ ಜಗುಲಿ. ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಆಗುತ್ತದೆ.]

ನಿರೂಪಣೆ:
ಫೈಬರ್ ತಲುಪದ ಊರುಗಳಲ್ಲಿ ಫೋನಿನ ಹಾಟ್‌ಸ್ಪಾಟ್ ಮೂಲಕ ಟಿವಿ ನೋಡುವವರು ಎರಡು ಸಂಗತಿ ತಿಳಿದಿರಬೇಕು. ಟಿವಿಯಲ್ಲಿ ಹಾಟ್‌ಸ್ಪಾಟ್ ಹೆಸರೇ ಕಾಣದಿದ್ದರೆ ಅದು 5 ಗಿಗಾಹರ್ಟ್ಸ್‌ನಲ್ಲಿದೆ ಎಂದು ಊಹಿಸಬಹುದು. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬದಲಿಸಿ. ಐಫೋನಿನಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆ ಇದೇ ಕೆಲಸ ಮಾಡುತ್ತದೆ. ಎರಡನೆಯದು ಡೇಟಾ ಲೆಕ್ಕ. ನೆಟ್‌ಫ್ಲಿಕ್ಸ್ ಹೇಳುವಂತೆ ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿವರೆಗೆ, 4ಕೆ ಚಿತ್ರಕ್ಕೆ 7 ಜಿಬಿವರೆಗೆ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿ ಕೊಡುವ ಪ್ಲಾನ್ ಒಂದು ಸಿನಿಮಾ ಮುಗಿಯುವ ಮೊದಲೇ ಖಾಲಿಯಾಗುತ್ತದೆ. ಆದ್ದರಿಂದ ಆ್ಯಪ್‌ನೊಳಗೆ ಗುಣಮಟ್ಟವನ್ನು ಮೊದಲೇ ಕಡಿಮೆಗೆ ಇಳಿಸಿಕೊಂಡು ಆಮೇಲೆ ನೋಡಿ.

[ದೃಶ್ಯ: ಮೋಡ ಕವಿದ ಆಕಾಶ. ಪ್ಲಗ್‌ನಿಂದ ಅಡಾಪ್ಟರ್ ತೆಗೆಯುವ ಕೈ.]

ನಿರೂಪಣೆ:
ಕೊನೆಯದಾಗಿ ವಿದ್ಯುತ್ತಿನ ವಿಷಯ. ಕರೆಂಟ್ ಹೋಗಿ ಬಂದಾಗ ಟಿವಿ ಬೇಗ ಎದ್ದುಕೊಳ್ಳುತ್ತದೆ, ಫೈಬರ್ ಮೋಡೆಮ್‌ಗೆ ಕೆಲವು ನಿಮಿಷ ಬೇಕು. ಆ ನಡುವೆ 'ನೆಟ್‌ವರ್ಕ್ ಇಲ್ಲ' ಎಂದು ಕಂಡರೆ ಸೆಟ್ಟಿಂಗ್ಸ್ ಕೆದಕದೆ ಕಾಯಿರಿ. ಹೆಚ್ಚಿನ ರೂಟರ್‌ಗಳು 12 ವೋಲ್ಟಿನಲ್ಲಿ ನಡೆಯುವುದರಿಂದ ಅದಕ್ಕೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿಸಬಹುದು, ಆದರೆ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳನ್ನು ಹೋಲಿಸಿಯೇ ಕೊಳ್ಳಬೇಕು. ಮಳೆಗಾಲದ ಮುಂಚಿನ ಗುಡುಗು ಸಿಡಿಲು ಮಲೆನಾಡು, ಕರಾವಳಿಗಳಲ್ಲಿ ಎಷ್ಟು ಉಪಕರಣಗಳನ್ನು ಸುಡುತ್ತದೆ ಎಂಬುದನ್ನು ಅಲ್ಲಿನವರಿಗೆ ಹೇಳಬೇಕಿಲ್ಲ. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ರೂಟರ್‌ನ ಅಡಾಪ್ಟರ್ ಮೂಲಕ ಬಂದ ಆಘಾತ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಟಿವಿಯವರೆಗೂ ಹೋಗಬಲ್ಲದು. ದೂರದಲ್ಲಿ ಗುಡುಗು ಕೇಳಿಸಿದಾಗಲೇ ಟಿವಿಯ ಪ್ಲಗ್, ರೂಟರ್‌ನ ಪ್ಲಗ್, ಡಿಟಿಎಚ್ ಕೇಬಲ್, ಲ್ಯಾನ್ ಕೇಬಲ್ ನಾಲ್ಕನ್ನೂ ತೆಗೆದಿಡಿ. ಸಿಡಿಲು ತಲೆಯ ಮೇಲೆಯೇ ಬಂದಿದ್ದರೆ ಯಾವ ವೈರನ್ನೂ ಮುಟ್ಟಲು ಹೋಗಬೇಡಿ.