ಆಲೂಗಡ್ಡೆ ಹಾರಿತು ಸರಿ, ನೋಟ್‌ಬುಕ್ ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಕಾರ್ಯಕ್ರಮದ ಪಟ್ಟಿಯಲ್ಲಿ ‘ಆಲೂಗಡ್ಡೆ ಫಿರಂಗಿ’ ಅಂತ ನೋಡಿಯೇ ಬಹಳ ಜನ ಬಂದಿದ್ದೀರಿ ಅಂತ ಕಾಣುತ್ತದೆ. ಮುಂದಿನ ಸಾಲಿನ ಮಕ್ಕಳು ಆಗಲೇ ಕಿವಿ ಮುಚ್ಚಿಕೊಂಡಿದ್ದಾರೆ. ಕೈ ಇಳಿಸಿ ಮಕ್ಕಳೇ, ಇವತ್ತು ಇಲ್ಲಿ ಏನೂ ಢಂ ಅನ್ನುವುದಿಲ್ಲ. ನಾನು ತಂದಿರುವುದು ಒಂದು ಪಾರದರ್ಶಕ ಕೊಳವೆ, ಒಂದು ಕೋಲು, ಅರ್ಧ ಆಲೂಗಡ್ಡೆ. ಅಷ್ಟೇ. ನಿರಾಶೆ ಆದವರು ಹಿಂದಿನ ಬಾಗಿಲಿನಿಂದ ಹೋಗಬಹುದು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ವಿಷಯ ನಾನೇ ಕೇಳಿ ಪಡೆದದ್ದು. ಕಾರಣ ಹೇಳುತ್ತೇನೆ. ಹಿತ್ತಿಲಲ್ಲಿ ಫಿರಂಗಿ ಮಾಡಿದ ಹುಡುಗರು ನನ್ನ ಹತ್ತಿರ ಬರುತ್ತಾರೆ. ಫೋನ್‌ನಲ್ಲಿ ವಿಡಿಯೊ ತೋರಿಸುತ್ತಾರೆ. ಒಂದು ಪೈಪು, ಒಂದು ಸದ್ದು, ಒಂದಷ್ಟು ಕೂಗಾಟ. ‘ಎಷ್ಟು ವೇಗದಲ್ಲಿ ಹೋಯಿತು?’ ಅಂತ ಕೇಳುತ್ತೇನೆ. ‘ಸಖತ್ ವೇಗ ಸರ್.’ ‘ಎಷ್ಟು ದೂರ?’ ‘ಕಾಣಲೇ ಇಲ್ಲ ಸರ್.’ ‘ನೋಟ್‌ಬುಕ್ ಎಲ್ಲಿ?’ ಅಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ನನ್ನ ಜಗಳ ಇರುವುದು ಇಲ್ಲೇ. ಹಾರಿಸುವುದು ಈ ಆಟದ ಅತ್ಯಂತ ಸುಲಭದ ಭಾಗ. ಅಳೆಯುವುದೇ ನಿಜವಾದ ಮಜಾ. ಅದನ್ನು ಬಿಟ್ಟು ಬರೀ ಸದ್ದು ಮಾಡಿ ಮನೆಗೆ ಹೋಗುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ.

ಫಿರಂಗಿ ಅಂದರೆ ಏನು ಅಂತ ಈ ಸಭೆಗೆ ವಿವರಿಸಬೇಕಾಗಿಲ್ಲ. ಹಿಂದೆ ಒಂದು ಕೋಣೆ, ಮುಂದೆ ಒಂದು ಉದ್ದ ಕೊಳವೆ, ಕೊಳವೆಯಲ್ಲಿ ಆಲೂಗಡ್ಡೆ. ಕೆಲವರು ಕೋಣೆಗೆ ಗಾಳಿ ತುಂಬುತ್ತಾರೆ. ಕೆಲವರು ಸ್ಪ್ರೇ ಡಬ್ಬದಿಂದ ಉರಿಯುವ ಅನಿಲ ಬಿಟ್ಟು ಕಿಡಿ ಹಚ್ಚುತ್ತಾರೆ. ಆದರೆ ಆಲೂಗಡ್ಡೆಯೇ ಯಾಕೆ? ಇದನ್ನು ಯಾರೂ ಕೇಳುವುದಿಲ್ಲ ನೋಡಿ. ಆಲೂಗಡ್ಡೆಯ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಆದರೂ ಗಟ್ಟಿ. ಕೊಳವೆಯ ಅಂಚು ಚೂಪಾಗಿದ್ದರೆ, ಒತ್ತಿದಾಗ ಅದೇ ಅಳತೆಗೆ ಕತ್ತರಿಸಿಕೊಂಡು ಒಳಗೆ ಕೂರುತ್ತದೆ. ಸುತ್ತ ಒಸರುವ ರಸ ಗಾಳಿ ಸೋರದ ಹಾಗೆ ತಡೆಯುತ್ತದೆ, ಜಾರಲೂ ಸಹಾಯ ಮಾಡುತ್ತದೆ. ಕಾರ್ಖಾನೆಯಲ್ಲಿ ಇಷ್ಟು ಸರಿಯಾದ ಬಿರಡೆ ಮಾಡಿಸಲು ಹೋದರೆ ಎಂಜಿನಿಯರ್ ತಿಂಗಳುಗಟ್ಟಲೆ ಓಡಾಡಿಸುತ್ತಾನೆ.

ಈಗ ಈ ಕೊಳವೆ ನೋಡಿ. ಎರಡೂ ತುದಿಯನ್ನು ಆಲೂಗಡ್ಡೆಗೆ ಚುಚ್ಚಿದ್ದೇನೆ, ಎರಡು ಬಿರಡೆ ಕೂತಿವೆ. ಮಧ್ಯೆ ಗಾಳಿ. ಹಿಂದಿನದನ್ನು ಕೋಲಿನಿಂದ ಮೆಲ್ಲಗೆ ತಳ್ಳುತ್ತೇನೆ. ನೀನು ಬಾಪ್ಪಾ, ಆ ಕನ್ನಡಕ ಹಾಕಿಕೊಂಡು ಸ್ಕೇಲ್ ಹಿಡಿ. ಇಷ್ಟು ಸಣ್ಣ ಚೂರಾದರೂ ಕಣ್ಣಿಗೆ ಬಡಿದರೆ ತಮಾಷೆ ಅಲ್ಲ. ನೋಡುತ್ತಾ ಇರಿ... ಟಪ್! ಪರದೆಗೆ ಹೊಡೆಯಿತು. ಚಪ್ಪಾಳೆ ಆಮೇಲೆ. ಮೊದಲು ಹೇಳಿ, ಕೋಲಿನ ಬಿರಡೆ ಮುಂದಿನದಕ್ಕೆ ತಾಗಿತಾ? ಇಲ್ಲ, ಅಲ್ವಾ? ತಳ್ಳಿದ್ದು ಕೋಲಲ್ಲ, ಗಾಳಿ. ಮಧ್ಯೆ 20 ಸೆಂ.ಮೀ. ಗಾಳಿ ಇತ್ತು. ಬಿರಡೆ ಹಾರಿದ್ದು ಎಷ್ಟಿದ್ದಾಗ? ಹತ್ತರ ಹತ್ತಿರ ಅನ್ನುತ್ತಿದ್ದಾನೆ. ಅಂದರೆ ಜಾಗ ಅರ್ಧ ಆಯಿತು, ಒತ್ತಡ ಎರಡರಷ್ಟಾಯಿತು. ರಾಬರ್ಟ್ ಬಾಯ್ಲ್ 1662ರಲ್ಲಿ ಹೇಳಿದ ನಿಯಮ ಇದೇ. ಈಗ ಬಿರಡೆಯನ್ನು ದಪ್ಪ ಮಾಡಿದರೆ? ಹಿಡಿತ ಹೆಚ್ಚಾಗಿ ಏಳು ಸೆಂ.ಮೀ.ಗೋ ಆರಕ್ಕೋ ಹಾರಬಹುದು. ದಪ್ಪ ಒಂದು ಕಡೆ, ಒತ್ತಡ ಇನ್ನೊಂದು ಕಡೆ ಬರೆದು ಗ್ರಾಫ್ ಎಳೆಯಿರಿ. ಬೆಂಕಿ ಇಲ್ಲ, ಪಂಪ್ ಇಲ್ಲ, ಪಕ್ಕದ ಮನೆಯವರ ಬೈಗುಳ ಇಲ್ಲ. ಒಂದು ಪೂರ್ತಿ ಭಾನುವಾರ ಕಳೆಯಬಹುದು.

ಈಗ ಒಂದು ಕಥೆ. ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿನ ಸರಕು ಹಡಗುಗಳ ಮೇಲೆ ಜರ್ಮನ್ ವಿಮಾನಗಳು ತೀರಾ ಕೆಳಗೆ ಹಾರಿಬಂದು ಬಾಂಬು ಹಾಕುತ್ತಿದ್ದವು. ಹಡಗುಗಳಿಗೆ ಕೊಡಲು ಸಾಕಷ್ಟು ಫಿರಂಗಿ ಇಲ್ಲ. ಆಗ ಕಾರ್ನ್‌ವಾಲ್‌ನ ಹೋಲ್ಮನ್ ಅನ್ನುವ ಕಂಪನಿ ಮುಂದೆ ಬಂತು. ಅವರ ಕಸುಬು ಗಣಿ ಯಂತ್ರಗಳದ್ದು, ಒತ್ತಿದ ಗಾಳಿ ಅವರಿಗೆ ನೀರು ಕುಡಿದಷ್ಟು ಸಲೀಸು. ಒಂದು ಕೊಳವೆ ನಿಲ್ಲಿಸಿದರು. ಕೆಳಗಿನಿಂದ ಗಾಳಿ, ಆಮೇಲೆ ಹಡಗಿನಲ್ಲೇ ಸಿಗುವ ಹಬೆ. ಕೊಳವೆಯೊಳಗೆ ಕೈಬಾಂಬು ಬಿಡುವುದು, ಅದು ಮೇಲೆ ಹಾರಿ ವಿಮಾನದ ಹತ್ತಿರ ಸಿಡಿಯುವುದು. ಇದೇ ಹೋಲ್ಮನ್ ಪ್ರೊಜೆಕ್ಟರ್. ವಿಮಾನದ ಪೈಲಟ್‌ಗಳು ಇದಕ್ಕೆ ಎಷ್ಟು ಹೆದರಿದರೋ, ಹಾರಿಸುವವರೂ ಅಷ್ಟೇ ಹೆದರಿರಬೇಕು. ಹಬೆಯ ಒತ್ತಡ ಕಡಿಮೆ ಇದ್ದರೆ ಬಾಂಬು ದೂರ ಹೋಗುವುದೇ ಇಲ್ಲವಲ್ಲ!

ಇದನ್ನು ನೋಡಲು ಪ್ರಧಾನಿ ಚರ್ಚಿಲ್ ಬಂದರಂತೆ. ಎಲ್ಲ ಸಿದ್ಧ. ಕೊಳವೆ ಇದೆ, ಗಾಳಿ ಇದೆ, ದೊಡ್ಡ ದೊಡ್ಡ ಅಧಿಕಾರಿಗಳು ಇದ್ದಾರೆ. ಹಾರಿಸುವ ಮದ್ದುಗುಂಡು ಮಾತ್ರ ತಂದಿಲ್ಲ! ನಮ್ಮ ಕಾರ್ಯಕ್ರಮಗಳಲ್ಲಿ ಮೈಕ್ ಇದ್ದು ಬ್ಯಾಟರಿ ಇಲ್ಲದ ಹಾಗೆ. ಸಂಘಟಕರು ತಪ್ಪು ತಿಳಿಯಬಾರದು, ಇವತ್ತು ಮೈಕ್ ಚೆನ್ನಾಗಿದೆ. ಕೊನೆಗೆ ಯಾರೋ ಬಿಯರ್ ಬಾಟಲಿಗಳನ್ನು ತಂದು ಕೊಳವೆಗೆ ಹಾಕಿದರು. ಬಾಟಲಿಗಳು ಹಾರಿದವು, ಗುರಿಯ ಮೇಲೆ ಒಡೆದು ನೊರೆ ಸುರಿಯಿತು. ಚರ್ಚಿಲ್‌ಗೆ ಖುಷಿಯೋ ಖುಷಿ. ಮದ್ದಿನ ಪುಡಿ ಉಳಿಯುತ್ತದೆ ಅಂತ ಮೆಚ್ಚಿಕೊಂಡರಂತೆ. ಈ ಆಯುಧ ಸಾವಿರಗಟ್ಟಲೆ ತಯಾರಾಗಿ ಹಡಗುಗಳಿಗೆ ಹೋಯಿತು.

ಇಷ್ಟು ಹೊತ್ತು ಕಾದಿದ್ದೀರಿ, ಈಗ ಆಲೂಗಡ್ಡೆ. ಸಮುದ್ರದಲ್ಲಿ ದಿನಗಟ್ಟಲೆ ಶತ್ರು ಬರುವುದಿಲ್ಲ. ನಾವಿಕರಿಗೆ ಬೇಜಾರು. ಅಡುಗೆಮನೆಯಲ್ಲಿ ಮೂಟೆಗಟ್ಟಲೆ ಆಲೂಗಡ್ಡೆ, ಡೆಕ್ ಮೇಲೆ ಹಬೆ ಕೊಳವೆ. ಮುಂದೆ ಏನಾಯಿತು ಅಂತ ಮುಂದಿನ ಸಾಲಿನವರು ಊಹಿಸಿಬಿಟ್ಟರು. ಹತ್ತಿರ ಸಾಗುವ ತಮ್ಮದೇ ಹಡಗುಗಳ ಮೇಲೆ ಆಲೂಗಡ್ಡೆ ದಾಳಿ! ಆ ಕಡೆಯಿಂದಲೂ ಉತ್ತರ. ಅವರಲ್ಲಿ ಒಬ್ಬನಾದರೂ ನೋಟ್‌ಬುಕ್ ಇಟ್ಟು, ಇಷ್ಟು ಹಬೆಗೆ ಇಷ್ಟು ದೂರ ಅಂತ ಬರೆದಿದ್ದರೆ, ಅವನ ಹೆಸರು ನಾನು ಇವತ್ತು ಹಲಗೆ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ.

ಸರಿ, ಕಿಡಿಯ ಕಡೆ ಬರೋಣ. ಅನಿಲ ಹೊತ್ತಿಸುವ ಫಿರಂಗಿ ಈಗಿನ ಹುಡುಗರ ಕಿತಾಪತಿ ಅಂದುಕೊಳ್ಳಬೇಡಿ. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ, ಅದಕ್ಕೂ ಎಷ್ಟೋ ಮೊದಲು, 1776ರಲ್ಲಿ ಇಟಲಿಯ ಮಜ್ಜೋರೆ ಸರೋವರದ ಕೆಸರನ್ನು ಕೆದಕಿ ಗುಳ್ಳೆಗಳನ್ನು ಹಿಡಿದ. ಅದು ಮೀಥೇನ್. ಅದನ್ನು ಗಾಳಿಯ ಜತೆ ಪಾತ್ರೆಗೆ ತುಂಬಿ, ಬೆಂಡು ಹಾಕಿ, ವಿದ್ಯುತ್ ಕಿಡಿ ಕೊಟ್ಟ. ಬೆಂಡು ಹಾರಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೇಕೆ ಹಾಕಿ ಮುಗಿಸುತ್ತಿದ್ದರು. ವೋಲ್ಟಾ ಬಿಡಲಿಲ್ಲ. ಅನಿಲ ಎಷ್ಟಿದ್ದರೆ, ಗಾಳಿ ಎಷ್ಟಿದ್ದರೆ ಸಿಡಿಯುತ್ತದೆ ಅಂತ ಅಳೆಯುತ್ತಾ ಹೋದ. ಕೋಮೊ ಊರಲ್ಲಿ ಕಿಡಿ ಕೊಟ್ಟು ತಂತಿಯ ಮೂಲಕ ಮಿಲಾನ್‌ನಲ್ಲಿ ಇಂಥದೇ ಅನಿಲದ ಪಿಸ್ತೂಲು ಹಾರಿಸಿ ಸಂದೇಶ ಕಳಿಸಬಹುದಲ್ಲ ಅಂತಲೂ ಯೋಚಿಸಿದ. ಟೆಲಿಗ್ರಾಫ್ ಬರುವುದಕ್ಕೆ ಇನ್ನೂ ಅರ್ಧ ಶತಮಾನಕ್ಕಿಂತ ಜಾಸ್ತಿ ಇತ್ತು! ಅಳೆಯುವವನ ತಲೆ ಎಲ್ಲಿಗೆ ಹೋಗುತ್ತದೆ ನೋಡಿ.

ಹಾಗಾದರೆ ಹೇಗೆ ಅಳೆಯುವುದು? ಫೋನ್ ಸಾಕು. 10 ಮೀಟರ್ ದೂರದಲ್ಲಿ ಒಂದು ಹಲಗೆ ನಿಲ್ಲಿಸಿ. ಫಿರಂಗಿಯ ಪಕ್ಕ ಫೋನ್ ಇಟ್ಟು ಸದ್ದು ರೆಕಾರ್ಡ್ ಮಾಡಿ. ಮೊದಲು ಹಾರಿದ ಸದ್ದು, ಆಮೇಲೆ ಹಲಗೆಗೆ ಬಡಿದ ಸದ್ದು. ಎರಡರ ನಡುವೆ 0.28 ಸೆಕೆಂಡ್ ಬಂತು ಅನ್ನಿ. ಅವಸರದಲ್ಲಿ 10ನ್ನು ಅದರಿಂದ ಭಾಗಿಸಬೇಡಿ. ಬಡಿದ ಸದ್ದು ವಾಪಸ್ ಫೋನ್‌ಗೆ ಬರಬೇಕಲ್ಲ, ಅದಕ್ಕೇ 0.03 ಸೆಕೆಂಡ್ ಹೋಯಿತು. ಉಳಿದದ್ದು 0.25. ವೇಗ ಸೆಕೆಂಡಿಗೆ 40 ಮೀಟರ್. ಆ ಸಣ್ಣ ಕಳೆಯುವ ಲೆಕ್ಕ ಬಿಟ್ಟಿದ್ದರೆ ಸುಮಾರು 36 ಅಂತ ಬರುತ್ತಿತ್ತು.

ಫೋನ್ ಇಲ್ಲದ ಕಾಲದಲ್ಲಿ? ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ದಾರಿ ತೋರಿಸಿದ. ಭಾರದ ಮರದ ತುಂಡನ್ನು ತೂಗುಹಾಕು, ಅದಕ್ಕೆ ಗುಂಡು ಹೊಡೆ, ಎಷ್ಟು ಹಿಂದೆ ತೂಗಿತು ಅಂತ ನೋಡು. ನಮ್ಮ ಲೆಕ್ಕಕ್ಕೆ ತನ್ನಿ. 100 ಗ್ರಾಂ ಆಲೂಗಡ್ಡೆ, 40 ಮೀಟರ್ ವೇಗ. ಹಳೇ ಬಟ್ಟೆ ತುಂಬಿದ 10 ಕಿಲೋ ಪೆಟ್ಟಿಗೆ, 2 ಮೀಟರ್ ಹಗ್ಗ. ಆಲೂಗಡ್ಡೆ ಒಳಗೇ ಸಿಕ್ಕಿಕೊಂಡರೆ ಪೆಟ್ಟಿಗೆ ಮೇಲೇಳುವುದು ಬರೀ 8 ಮಿಲಿಮೀಟರ್. ಆದರೆ ಹಿಂದಕ್ಕೆ ಸರಿಯುವುದು 18 ಸೆಂ.ಮೀ.! ಅದನ್ನು ಸ್ಕೇಲಿನಲ್ಲೇ ಅಳೆಯಬಹುದು. ರಾಬಿನ್ಸ್ ತುಂಡಿಗೆ ಒಂದು ರಿಬ್ಬನ್ ಕಟ್ಟಿದ್ದ, ತೂಗಿದಷ್ಟು ರಿಬ್ಬನ್ ಹೊರಗೆ ಬರುತ್ತಿತ್ತು. ಎಂಥಾ ಚೆಂದದ ಉಪಾಯ. ಇನ್ನೊಂದು ಮಾತು, ಆಲೂಗಡ್ಡೆ ತಂದದ್ದು 80 ಜೂಲ್ ಶಕ್ತಿ, ಪೆಟ್ಟಿಗೆಯ ಚಲನೆಗೆ ಸಿಕ್ಕಿದ್ದು ಒಂದು ಜೂಲ್‌ಗಿಂತ ಕಡಿಮೆ. ಉಳಿದದ್ದೆಲ್ಲ ಆಲೂಗಡ್ಡೆ ಜಜ್ಜಿ ಹೋಗುವುದರಲ್ಲಿ, ಬಿಸಿಯಲ್ಲಿ, ಸದ್ದಿನಲ್ಲಿ ಖರ್ಚು.

ಅದೇ ರಾಬಿನ್ಸ್ ಇನ್ನೊಂದು ಸತ್ಯ ಹೊರಗೆ ತಂದ. ಗುಂಡನ್ನು ಗಾಳಿ ಅಷ್ಟೇನೂ ತಡೆಯುವುದಿಲ್ಲ ಅಂತ ದೊಡ್ಡ ದೊಡ್ಡವರು ನಂಬಿದ್ದರು. ಇವನು ತೂಗುಹಲಗೆಯನ್ನು ಬೇರೆ ಬೇರೆ ದೂರದಲ್ಲಿ ಇಟ್ಟು ನೋಡಿದ. ಗಾಳಿಯ ತಡೆ ಗುಂಡಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ನಮ್ಮ ಆಲೂಗಡ್ಡೆಗೂ ಇದೇ ಕಥೆ. 5 ಸೆಂ.ಮೀ. ದಪ್ಪದ ತುಂಡು 40 ಮೀಟರ್ ವೇಗದಲ್ಲಿ ಹೊರಟಾಗ, ಗಾಳಿ ಅದನ್ನು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಪಠ್ಯಪುಸ್ತಕದ ಸೂತ್ರದಲ್ಲಿ 45 ಡಿಗ್ರಿಗೆ 163 ಮೀಟರ್ ಬರಬೇಕು. ಬರುವುದಿಲ್ಲ. ಅದಕ್ಕಿಂತ ಬಹಳ ಮೊದಲೇ ಬೀಳುತ್ತದೆ. ಸೂತ್ರ ಸುಳ್ಳಾ ಅಂತ ಕೇಳುವ ಮಗು ಇದೆಯಲ್ಲ, ಆ ಮಗುವಿಗಾಗಿಯೇ ಈ ಆಟ ಇರುವುದು. ಅಂದ ಹಾಗೆ, ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕಟ್ಟಿಸಲು ಭಾರತಕ್ಕೇ ಬಂದ. 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಇನ್ನೆಷ್ಟು ಉಳಿದಿದೆ? ಹತ್ತೇ ನಿಮಿಷವಾ? ಚೀಟಿಯಲ್ಲಿ ಐದು ಅಂತ ಇದೆ. ಸರಿ, ಓಡುತ್ತೇನೆ.

ಅಪಾಯದ ಮಾತು ಬಿಡುವ ಹಾಗಿಲ್ಲ. ಆ 80 ಜೂಲ್ ಅಂದರೆ ಗಂಟೆಗೆ 115 ಕಿ.ಮೀ. ವೇಗದ ಕ್ರಿಕೆಟ್ ಚೆಂಡು. ಹೆಲ್ಮೆಟ್ ಇಲ್ಲದೆ ನಿಲ್ಲುತ್ತೀರಾ? ಆದರೆ ನನಗೆ ಆಲೂಗಡ್ಡೆಗಿಂತ ಪೈಪಿನ ಭಯ ಜಾಸ್ತಿ. ಪಿವಿಸಿ ಪೈಪಿನ ಮೇಲೆ ಒತ್ತಡದ ಅಂಕಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಧೈರ್ಯ ಮಾಡುತ್ತಾರೆ. ಅದು ನೀರಿಗೆ ಕೊಟ್ಟ ಅಂಕಿ, ಗಾಳಿಗಲ್ಲ. ನೀರು ತುಂಬಿದ ಪೈಪು ಬಿರಿದರೆ ಚಿಮ್ಮಿ ನಿಲ್ಲುತ್ತದೆ. ಗಾಳಿ ತುಂಬಿದ್ದು ಬಿರಿದರೆ ಚೂಪು ಚೂರುಗಳಾಗಿ ಸಿಡಿಯುತ್ತದೆ. ಮೇಲಾಗಿ 60 ಡಿಗ್ರಿ ಬಿಸಿಯಲ್ಲಿ ಅದರ ತಾಕತ್ತು ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ. ಒತ್ತಿದ ಗಾಳಿಗೆ ಪಿವಿಸಿ ಬಳಸಬೇಡಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲೇ ಎಚ್ಚರಿಸಿತ್ತು. ಅಲ್ಲಿಯೇ ಡೆಲವೇರ್‌ನಲ್ಲಿ 1986ರಿಂದ ಕುಂಬಳಕಾಯಿ ಹಾರಿಸುವ ಸ್ಪರ್ಧೆ ನಡೆಯುತ್ತಿತ್ತು. ಅನುಭವಿಗಳು, ಉಕ್ಕಿನ ಫಿರಂಗಿಗಳು. ಆದರೂ 2016ರಲ್ಲಿ ಒಂದು ಗಾಳಿ ಫಿರಂಗಿಯ ಭಾಗ ಕಿತ್ತು ಬಂದು ಒಬ್ಬರಿಗೆ ತೀವ್ರ ಪೆಟ್ಟಾಯಿತು. ಕಾನೂನಿನ ಮಾತೂ ಅಷ್ಟೇ. ಕೆಲವು ದೇಶಗಳಲ್ಲಿ ಇದನ್ನು ಆಟಿಕೆ ಅನ್ನುವುದಿಲ್ಲ, ಆಯುಧ ಅನ್ನುತ್ತಾರೆ.

ಇನ್ನೊಂದು, ನಿರ್ವಾತ ಫಿರಂಗಿ. ಕೊಳವೆಯ ಗಾಳಿ ತೆಗೆದುಬಿಟ್ಟರೆ ಹೊರಗಿನ ಗಾಳಿಯೇ ಟೇಬಲ್ ಟೆನಿಸ್ ಚೆಂಡನ್ನು ಶಬ್ದದ ವೇಗದ ಹತ್ತಿರಕ್ಕೆ ಒಯ್ಯುತ್ತದೆ. ಆ 2.7 ಗ್ರಾಂ ಚೆಂಡು ತಗಡಿನ ಡಬ್ಬವನ್ನೇ ತೂತು ಮಾಡುತ್ತದೆ. ಇದಕ್ಕೇ ಬೇರೆ ಉಪನ್ಯಾಸ ಬೇಕು. ಮತ್ತೊಂದು, ಹಕ್ಕಿ ಬಡಿದರೆ ತಡೆಯುತ್ತದಾ ಅಂತ ವಿಮಾನದ ಗಾಜಿಗೆ ಸತ್ತ ಕೋಳಿ ಹಾರಿಸಿ ಪರೀಕ್ಷೆ ಮಾಡುವ ಗಾಳಿ ಫಿರಂಗಿ. ಹೆಪ್ಪುಗಟ್ಟಿದ ಕೋಳಿಯನ್ನು ಕರಗಿಸದೆ ಹಾಗೇ ಹೊಡೆದರು ಅನ್ನುವ ಜೋಕ್ ನಿಮಗೆಲ್ಲ ಗೊತ್ತು, ಸುಮ್ನೆ ಕಟ್ಟಿದ್ದು. ಪರೀಕ್ಷೆ ಮಾತ್ರ ನಿಜ. ಅವರು ಪ್ರತಿ ಹೊಡೆತವನ್ನೂ ಬರೆದಿಡುತ್ತಾರೆ, ಅದಕ್ಕೇ ನಾವು ವಿಮಾನದಲ್ಲಿ ನಿದ್ದೆ ಮಾಡುತ್ತೇವೆ.

ಅಧ್ಯಕ್ಷರು ಎದ್ದು ನಿಂತರು. ಕೊಳವೆ, ಕೋಲು, ಸ್ಕೇಲು, ಕನ್ನಡಕ ಆ ಮೇಜಿನ ಮೇಲೆ ಇರುತ್ತವೆ, ಊಟದ ತನಕ ಯಾರು ಬೇಕಾದರೂ ಅಳೆಯಬಹುದು. ಪ್ರಶ್ನೆಗಳಿದ್ದರೆ ಕೇಳಿ. ‘ಸ್ಪ್ರೇ ಎಷ್ಟು ಹಾಕಬೇಕು ಸರ್’ ಅನ್ನುವುದೊಂದನ್ನು ಬಿಟ್ಟು.