ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು

ಕೇಳುಗರಿಗೆ ನಮಸ್ಕಾರ.

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ ‘ಡಾಕ್ಟರ್ ಸ್ಟ್ರೇಂಜ್‌ಲವ್’ 1964ರ ಜನವರಿಯಲ್ಲಿ ತೆರೆಗೆ ಬಂತು. ಒಬ್ಬ ಸೇನಾಧಿಕಾರಿ ತಾನಾಗಿಯೇ ರಷ್ಯದ ಮೇಲೆ ಅಣುಬಾಂಬ್ ದಾಳಿಗೆ ಆಜ್ಞೆ ಕೊಟ್ಟುಬಿಡುವ ಕಥೆ ಅದು. ಚಿತ್ರದ ಆರಂಭದಲ್ಲೇ ಒಂದು ಫಲಕ ಕಾಣಿಸುತ್ತದೆ. ಇಲ್ಲಿ ತೋರಿಸಿದಂಥ ಘಟನೆ ನಡೆಯದಂತೆ ತಡೆಯುವ ವ್ಯವಸ್ಥೆ ತನ್ನಲ್ಲಿದೆ ಎಂಬುದು ಅಮೆರಿಕದ ವಾಯುಪಡೆಯ ನಿಲುವು, ಅಂತ. ಮುಂದಿನ ಒಂದೂವರೆ ಗಂಟೆ ನಾವು ನೋಡುವುದು ಅದೇ ವ್ಯವಸ್ಥೆಯನ್ನು. ಒಂದೊಂದೇ ಬೀಗ ಸರಿಯಾಗಿಯೇ ಬೀಳುತ್ತ ಹೋಗುತ್ತದೆ, ಎಲ್ಲರೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಇದರ ಮೂಲ ಪೀಟರ್ ಜಾರ್ಜ್ 1958ರಲ್ಲಿ ಬರೆದ ಕಾದಂಬರಿ. ಅದರಲ್ಲಿ ನಗುವಿಗೆ ಜಾಗವೇ ಇಲ್ಲ. ಕುಬ್ರಿಕ್ ಕೂಡ ಗಂಭೀರ ಚಿತ್ರ ಮಾಡಲೆಂದೇ ಹೊರಟಿದ್ದು. ಆದರೆ ಚಿತ್ರಕಥೆ ಬರೆಯುತ್ತ ಹೋದಂತೆ, ಯಾವ ವಿವರ ಹೆಚ್ಚು ನಿಜವೋ ಅದೇ ಹೆಚ್ಚು ನಗು ತರಿಸತೊಡಗಿತು. ಕೊನೆಗೆ ಟೆರ್ರಿ ಸದರ್ನ್ ಅವರನ್ನು ಸೇರಿಸಿಕೊಂಡು ಪೂರ್ತಿ ಹಾಸ್ಯಕ್ಕೇ ಇಳಿದರು.

ಚಿತ್ರದಲ್ಲಿ ನಿಜವಾಗಿ ತಲೆಕೆಟ್ಟವನು ಆ ಆಜ್ಞೆ ಕೊಡುವ ವಾಯುನೆಲೆಯ ಮುಖ್ಯಸ್ಥ, ಜನರಲ್ ಜಾಕ್ ರಿಪ್ಪರ್. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದು ಕಮ್ಯುನಿಸ್ಟರ ಸಂಚು ಎಂದು ನಂಬಿದವನು. ಪಾವಗಡ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಎಂದರೆ ಕೊಳವೆಬಾವಿಯ ನೀರಿನಲ್ಲಿ ಬೇಡವೆಂದರೂ ಬರುವ ಪೀಡೆ. ಅಮೆರಿಕದಲ್ಲಿ ಅದನ್ನು ಹಲ್ಲು ಹುಳುಕಾಗದಿರಲೆಂದು ಅಳತೆ ಮಾಡಿ ಸೇರಿಸುತ್ತಾರೆ. 1945ರಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಶುರುವಾಯಿತು. ಅದು ಸಂಚೆಂದು ಕೂಗಾಡುವವರು ಆಗ ನಿಜವಾಗಿಯೂ ಇದ್ದರು.

ಸರಿ, ಒಬ್ಬ ಹುಚ್ಚನ ಕೈಗೆ ಬಾಂಬರುಗಳು ಹೇಗೆ ಸಿಕ್ಕವು? ‘ಪ್ಲ್ಯಾನ್ ಆರ್’ ಎಂಬ ನಿಯಮದಿಂದ. ಶತ್ರು ಮೊದಲೇ ವಾಷಿಂಗ್ಟನ್ ಮೇಲೆ ಬಿದ್ದು ಅಧ್ಯಕ್ಷರೇ ಸತ್ತರೆ ಪ್ರತಿದಾಳಿಗೆ ಆಜ್ಞೆ ಕೊಡುವವರು ಯಾರು? ಕೆಳಗಿನ ಅಧಿಕಾರಿಯೂ ಕೊಡಬಹುದು ಎಂದು ಬರೆದಿಟ್ಟರು. ಮೇಲ್ನೋಟಕ್ಕೆ ಜಾಣತನವೇ. ರಿಪ್ಪರ್ ಆಜ್ಞೆ ಕೊಟ್ಟಾಗ 34 ಬಿ-52 ವಿಮಾನಗಳು ಆಗಲೇ ಆಕಾಶದಲ್ಲಿವೆ, ಗುರಿಯಿಂದ ಎರಡು ಗಂಟೆ ದೂರದಲ್ಲಿ. ಆಜ್ಞೆ ಮುಟ್ಟಿದೊಡನೆ ವಿಮಾನದ ರೇಡಿಯೊಗೆ ಸಿಆರ್‌ಎಂ 114 ಎಂಬ ಪೆಟ್ಟಿಗೆ ಜೋಡಿಯಾಗುತ್ತದೆ. ಮೂರಕ್ಷರದ ಸಂಕೇತ ಮುಂದಿಟ್ಟುಕೊಂಡು ಬಂದ ಸಂದೇಶ ಮಾತ್ರ ಒಳಗೆ ಹೋಗುತ್ತದೆ. ಶತ್ರು ಸುಳ್ಳು ಆಜ್ಞೆ ಕಳಿಸಬಾರದಲ್ಲ! ಇದೂ ಜಾಣತನವೇ. ಈಗ ಅಧ್ಯಕ್ಷರ ಆಜ್ಞೆಯೂ ಒಳಗೆ ಹೋಗದು.

ಎಲ್ಲ ಸಂಕೇತಗಳನ್ನೂ ಒಂದಾದ ಮೇಲೊಂದು ಕಳಿಸಿ ನೋಡಬಾರದೇ? ವಾಷಿಂಗ್ಟನ್ನಿನ ಯುದ್ಧಕೋಣೆಯಲ್ಲಿ ಜನರಲ್ ಟರ್ಜಿಡ್ಸನ್ ಅಧ್ಯಕ್ಷರಿಗೆ ಲೆಕ್ಕ ಒಪ್ಪಿಸುತ್ತಾನೆ: ಸುಮಾರು 17,000 ಜೋಡಣೆಗಳು, ಕಳಿಸಲು ಎರಡೂವರೆ ದಿನ ಬೇಕು. ವಿಮಾನಗಳು ರಷ್ಯದ ರೇಡಾರಿಗೆ ಸಿಗಲು ಉಳಿದಿರುವುದು ಸುಮಾರು 18 ನಿಮಿಷ. ಕಾಗದ ಪೆನ್ಸಿಲ್ ಇದ್ದರೆ ನೀವೂ ಗುಣಿಸಿ ನೋಡಿ. ಇಂಗ್ಲಿಷಿನ 26 ಅಕ್ಷರ, ಮೂರು ಸ್ಥಾನ, ಒಟ್ಟು 17,576. ಲೆಕ್ಕ ಸರಿಯಿದೆ, ಬಾಯಲ್ಲಿ ಚೂಯಿಂಗ್ ಗಮ್ ಕೂಡ ಇದೆ.

ವಾಯುನೆಲೆಯಲ್ಲಿ ರಿಪ್ಪರ್ ಮೊದಲು ಮಾಡಿಸುವ ಕೆಲಸಗಳಲ್ಲಿ ಒಂದು, ಎಲ್ಲರ ರೇಡಿಯೊ ಕಿತ್ತುಕೊಳ್ಳುವುದು. ಒಂದು ಪುಟ್ಟ ಟ್ರಾನ್ಸಿಸ್ಟರ್ ಮಾತ್ರ ಉಳಿದುಬಿಡುತ್ತದೆ. ಬ್ರಿಟಿಷ್ ಅಧಿಕಾರಿ ಮ್ಯಾಂಡ್ರೇಕ್ ಅದನ್ನು ಹಚ್ಚಿದರೆ ಹಾಡು ಬರುತ್ತಿದೆ. ಯುದ್ಧ ಶುರುವಾಗಿದ್ದರೆ ಹಾಡು ಹಾಕುತ್ತಿದ್ದರೇ? ಸತ್ಯ ಮೊದಲು ಹೊಳೆಯುವುದು ಅವನಿಗೇ. ಬಾನುಲಿಯವರು ಹೆಮ್ಮೆಪಡಬಹುದಾದ ದೃಶ್ಯ, ಬಿಡಿ.

ರಿಪ್ಪರ್ ಗುಂಡಿಟ್ಟುಕೊಂಡು ಸತ್ತ ಮೇಲೆ ಅವನು ಗೀಚಿದ ಕಾಗದದಿಂದ ಮ್ಯಾಂಡ್ರೇಕ್ ಸಂಕೇತ ಊಹಿಸುತ್ತಾನೆ. ಆದರೆ ದೂರವಾಣಿ ತಂತಿಗಳು ಹಾಳಾಗಿವೆ. ಉಳಿದದ್ದು ಕಾಸು ಹಾಕುವ ಫೋನು. ಅಧ್ಯಕ್ಷರಿಗೆ ಕರೆ ಮಾಡಲು 20 ಸೆಂಟ್ ಕಡಿಮೆ ಬೀಳುತ್ತದೆ! ಪಕ್ಕದ ಕೋಕಾ-ಕೋಲಾ ಯಂತ್ರಕ್ಕೆ ಗುಂಡು ಹೊಡೆದು ಚಿಲ್ಲರೆ ತೆಗೆ ಎಂದರೆ, ಅಷ್ಟು ಹೊತ್ತು ಸ್ವಂತ ದೇಶದ ಸೈನಿಕರ ಮೇಲೆ ಗುಂಡು ಹಾರಿಸಿ ಬಂದ ಕರ್ನಲ್ ಹಿಂಜರಿಯುತ್ತಾನೆ. ಖಾಸಗಿ ಆಸ್ತಿಯಂತೆ. ಕಂಪನಿಗೆ ನೀನೇ ಉತ್ತರ ಹೇಳಬೇಕು ಎಂದು ಎಚ್ಚರಿಸಿ, ಆಮೇಲೆ ಹೊಡೆಯುತ್ತಾನೆ.

ಕರೆ ಮುಟ್ಟುತ್ತದೆ, ರಷ್ಯನ್ನರ ಹೊಡೆತಕ್ಕೆ ಸಿಗದೆ ಉಳಿದ ವಿಮಾನಗಳು ತಿರುಗುತ್ತವೆ. ಒಂದನ್ನು ಬಿಟ್ಟು. ಮೇಜರ್ ಕಾಂಗ್‌ನ ವಿಮಾನದ ಹತ್ತಿರ ಕ್ಷಿಪಣಿ ಸಿಡಿದು ಸಿಆರ್‌ಎಂ ಪೆಟ್ಟಿಗೆ ಸುಟ್ಟಿದೆ, ಹಿಂದಕ್ಕೆ ಕರೆದದ್ದು ಅವನಿಗೆ ಕೇಳುವುದೇ ಇಲ್ಲ. ಅವನ ಗುರಿ ಯಾವುದೆಂದು ಅಮೆರಿಕದವರೇ ರಷ್ಯನ್ನರಿಗೆ ಹೇಳಿಕೊಟ್ಟಿದ್ದಾರೆ, ಅಲ್ಲೇ ಕಾದು ಹೊಡೆಯಲಿ ಅಂತ. ಆದರೆ ಇಂಧನ ಸೋರಿ ಅಷ್ಟು ದೂರ ಹೋಗಲಾಗದೆ, ಕಾಂಗ್ ಹತ್ತಿರದ ಬೇರೆ ಗುರಿ ಹಿಡಿಯುತ್ತಾನೆ. ಬಾಂಬಿನ ಬಾಗಿಲು ತೆರೆಯದಿದ್ದಾಗ ತಾನೇ ಕೆಳಗಿಳಿದು, ಬಾಂಬಿನ ಮೇಲೆ ಕುಳಿತು, ಸುಟ್ಟ ತಂತಿ ಜೋಡಿಸುತ್ತಾನೆ. ಇಷ್ಟು ಕರ್ತವ್ಯನಿಷ್ಠ ಮನುಷ್ಯ ಚಿತ್ರದಲ್ಲಿ ಇನ್ನೊಬ್ಬನಿಲ್ಲ.

ಇನ್ನು ರಷ್ಯದ ಪ್ರಳಯ ಯಂತ್ರ. ಅವರ ಮೇಲೆ ಬಾಂಬ್ ಬಿದ್ದರೆ ಅದು ತಾನಾಗಿ ಸಿಡಿದು ಭೂಮಿಯನ್ನು 93 ವರ್ಷ ವಿಷದ ಮೋಡದಲ್ಲಿ ಮುಚ್ಚುತ್ತದೆ. ಯಾರೂ ನಿಲ್ಲಿಸುವಂತಿಲ್ಲ. ಬೆದರಿಕೆಯ ಅಸ್ತ್ರವನ್ನು ಗುಟ್ಟಾಗಿಟ್ಟರೆ ಏನು ಪ್ರಯೋಜನ ಎಂದು ಅಧ್ಯಕ್ಷರ ಸಲಹೆಗಾರ, ಜರ್ಮನ್ ಮೂಲದ ವಿಜ್ಞಾನಿ ಸ್ಟ್ರೇಂಜ್‌ಲವ್ ಚೀರುತ್ತಾನೆ. ಸೋಮವಾರ ಘೋಷಿಸುವವರಿದ್ದರಂತೆ! ಇಂಥ ಯಂತ್ರದ ಕಲ್ಪನೆಯನ್ನು, ಯುದ್ಧತಂತ್ರದ ಅಧ್ಯಯನ ಮಾಡುವ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಹರ್ಮನ್ ಕಾನ್ 1960ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದರು. ಮುಂದೆ 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ ‘ಪೆರಿಮೀಟರ್’ ಎಂಬ ಅರೆಸ್ವಯಂಚಾಲಿತ ಪ್ರತಿದಾಳಿ ವ್ಯವಸ್ಥೆಯನ್ನು ನಿಜವಾಗಿಯೇ ಕಟ್ಟಿತು. ಅದನ್ನೂ ಗುಟ್ಟಾಗಿಯೇ ಇಟ್ಟಿತ್ತು.

ಪ್ಲ್ಯಾನ್ ಆರ್ ಕೂಡ ಬರೀ ಕಟ್ಟುಕಥೆಯಲ್ಲ. ಅಧ್ಯಕ್ಷರ ಸಂಪರ್ಕ ಸಿಗದಂಥ ತುರ್ತಿನಲ್ಲಿ ಅಣ್ವಸ್ತ್ರ ಬಳಸಬಹುದೆಂಬ ಅನುಮತಿ ಐಸೆನ್‌ಹೋವರ್ ಕಾಲದಲ್ಲೇ ಕೆಲವು ಹಿರಿಯ ಸೇನಾಧಿಕಾರಿಗಳಿಗಿತ್ತು. ಬಾಂಬ್ ಹೊತ್ತು ಸದಾ ಹಾರುತ್ತಿದ್ದ ವಿಮಾನಗಳೂ ಇದ್ದವು. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಮೇಲೆ ಅಂಥದ್ದೊಂದು, ಇಂಧನ ತುಂಬಿಸುವ ವಿಮಾನಕ್ಕೆ ಡಿಕ್ಕಿ ಹೊಡೆದು ನಾಲ್ಕು ಜಲಜನಕ ಬಾಂಬ್ ಕಳಚಿ ಬಿದ್ದವು; ಒಂದು ಸಮುದ್ರದ ಪಾಲಾಗಿ ತಿಂಗಳುಗಟ್ಟಲೆ ಹುಡುಕಬೇಕಾಯಿತು. 1968ರಲ್ಲಿ ಗ್ರೀನ್‌ಲ್ಯಾಂಡಿನ ಥೂಲೆ ಬಳಿ ಇನ್ನೊಂದು ಬಿದ್ದ ಮೇಲೆ ಆ ಹಾರಾಟ ನಿಲ್ಲಿಸಿದರು.

ಚಿತ್ರೀಕರಣ ನಡೆದದ್ದು ಲಂಡನ್ ಹತ್ತಿರದ ಶೆಪರ್ಟನ್ ಸ್ಟುಡಿಯೊದಲ್ಲಿ. ವಾಯುಪಡೆ ಸಹಕರಿಸಲಿಲ್ಲ, ಹಾಗಾಗಿ ಕಲಾ ನಿರ್ದೇಶಕ ಕೆನ್ ಆ್ಯಡಮ್ ತಂಡ ಪ್ರಕಟವಾದ ಚಿತ್ರಗಳನ್ನು ನೋಡಿಕೊಂಡೇ ಬಿ-52ರ ಒಳಭಾಗ ಕಟ್ಟಿತು. ಯುದ್ಧಕೋಣೆಯ ದುಂಡು ಮೇಜಿಗೆ ಹಸಿರು ಬಟ್ಟೆ ಹೊದಿಸಿದ್ದರು. ಚಿತ್ರ ಕಪ್ಪು ಬಿಳುಪು, ಬಣ್ಣ ಯಾರಿಗೂ ಕಾಣದು. ಆದರೂ ಇಸ್ಪೀಟಾಡಲು ಕೂತಿದ್ದೇವೆಂದು ನಟರಿಗೆ ಅನ್ನಿಸಲಿ ಎಂಬುದು ಕುಬ್ರಿಕ್ ಲೆಕ್ಕ.

ಪೀಟರ್ ಸೆಲ್ಲರ್ಸ್ ಮೂರು ಪಾತ್ರ ಮಾಡಿದ್ದಾರೆ: ಮ್ಯಾಂಡ್ರೇಕ್, ಅಧ್ಯಕ್ಷ, ಸ್ಟ್ರೇಂಜ್‌ಲವ್. ಕಾಂಗ್ ಪಾತ್ರವೂ ಅವರದೇ ಆಗಬೇಕಿತ್ತು. ಕಾಲಿಗೆ ಪೆಟ್ಟಾಗಿ ಅದು ಸ್ಲಿಮ್ ಪಿಕೆನ್ಸ್ ಪಾಲಾಯಿತು, ಒಳ್ಳೆಯದೇ ಆಯಿತು. ಕೊನೆಯ ಯುದ್ಧಕೋಣೆ ದೃಶ್ಯದಲ್ಲಿ ಸ್ಟ್ರೇಂಜ್‌ಲವ್‌ನ ಕರಿ ಕೈಗವಸಿನ ಬಲಗೈ ಅವನ ಮಾತೇ ಕೇಳದೆ ನಾಜಿ ವಂದನೆಗೆ ಏಳುತ್ತದೆ. ಆಗ ಸೆಲ್ಲರ್ಸ್ ಅವರನ್ನು ಬಿಟ್ಟು ಹಿಂದೆ ನಿಂತ ರಷ್ಯದ ರಾಯಭಾರಿಯನ್ನು ನೋಡಿ. ನಟ ಪೀಟರ್ ಬುಲ್ ತುಟಿ ಬಿಗಿಹಿಡಿದು ನಗು ತಡೆಯಲು ಒದ್ದಾಡುತ್ತಿದ್ದಾರೆ. ಕುಬ್ರಿಕ್ ಆ ಶಾಟನ್ನು ಹಾಗೆಯೇ ಉಳಿಸಿಕೊಂಡರು.

ನಮಸ್ಕಾರ.