ವಿಷ ಇಳಿದ ಮೇಲೂ

ಕೇಳುಗರೇ, ನಮಸ್ಕಾರ.

ವಿಷ ಮೈಯಿಂದ ಇಳಿದರೆ ಗಂಡಾಂತರ ಕಳೆಯಿತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಮಿದುಳಿನ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ.

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಆಸ್ಪತ್ರೆ ಸೇರಿದರು. ಹೆಚ್ಚಿನವರು ಇನ್ನೂ ಹರೆಯದವರು. ಮೈ ಮರಗಟ್ಟಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಒಬ್ಬನ ಬೆರಳು ತುಸು ಅಲುಗಿದ್ದನ್ನು ಕಂಡು ಕೈಗೆ ಪೆನ್ಸಿಲ್ ಕೊಟ್ಟರು. ಅವನು ನಿಧಾನವಾಗಿ ಉತ್ತರ ಬರೆದ! ಒಳಗೆ ಮನಸ್ಸು ಪೂರ್ತಿ ಎಚ್ಚರವಾಗಿಯೇ ಇತ್ತು.

ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಗಾರರು ಕಾರಣ ಹುಡುಕಿದರು. ಹೆರಾಯಿನ್ ಅಂತ ಮಾರಿದ್ದ ಮಾದಕವಸ್ತುವಿನಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಇತ್ತು. ಅದು ಮಿದುಳಿನಲ್ಲಿ ಬೇರೆ ರೂಪ ತಾಳಿ, ಚಲನೆಯ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ಒಳಹೊಕ್ಕು ಅವನ್ನು ಕೊಲ್ಲುತ್ತದೆ. ಸಾಮಾನ್ಯವಾಗಿ ವಯಸ್ಸಾದವರಲ್ಲಿ ವರ್ಷಗಟ್ಟಲೆ ಬೆಳೆಯುವ ಪಾರ್ಕಿನ್ಸನ್ ಎಂಬ ನರರೋಗದ ಲಕ್ಷಣಗಳು ಇವರಿಗೆ ಕೆಲವೇ ದಿನಗಳಲ್ಲಿ ಬಂದವು.

ಡೋಪಮೈನ್ ಹಿಡಿಯುವ ರಿಸೆಪ್ಟರ್‌ಗಳು, ಅಂದರೆ ಗ್ರಾಹಕಗಳು, ಸಂದೇಶ ಪಡೆಯುವ ಆಚೆ ಬದಿಯ ಕೋಶಗಳ ಮೇಲೆ ಇರುತ್ತವೆ. ಆ ಕೋಶಗಳು ಬದುಕಿರುತ್ತವೆ. ಡೋಪಮೈನ್ ಬರುವುದು ನಿಂತರೆ ಅವು ಸುಮ್ನೆ ಕೂರುವುದಿಲ್ಲ. ಪಿಸುಮಾತಿಗೂ ಕಿವಿ ನಿಮಿರಿಸಿ ಕೂತವರ ಹಾಗೆ ಆಗುತ್ತವೆ. ಡಿ2 ಎಂಬ ಬಗೆಯ ಗ್ರಾಹಕಗಳ ಸಂಖ್ಯೆಯೇ ಜಾಸ್ತಿಯಾಗಬಹುದು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಕೊಟ್ಟಾಗ ಈ ರೋಗಿಗಳ ಮೈ ಸಡಿಲವಾಯಿತು, ನಿಜ. ಆದರೆ ಬೇಗನೆ ಕೈಕಾಲು ತಾವಾಗಿಯೇ ತಿರುಚಿಕೊಳ್ಳತೊಡಗಿದವು. ಅತಿಸೂಕ್ಷ್ಮವಾದ ಕೋಶಗಳಿಗೆ ಒಮ್ಮೆಲೇ ಡೋಪಮೈನ್ ಸುರಿದದ್ದು ಇದಕ್ಕೊಂದು ಕಾರಣ.

ಕೆಲವು ಕೀಟನಾಶಕಗಳಲ್ಲಿ ಇದರ ತದ್ವಿರುದ್ಧ. ಆರ್ಗನೋಫಾಸ್ಫೇಟ್ ವಿಷದಿಂದ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕ ರಾಸಾಯನಿಕ ಒಡೆಯದೆ ತುಂಬಿಕೊಳ್ಳುತ್ತದೆ. ಆ ಗದ್ದಲ ತಾಳಲಾರದೆ ಕೋಶ ತನ್ನ ಗ್ರಾಹಕಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ.

ಹಾಗಾಗಿ, ರಕ್ತದಲ್ಲಿ ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ರೋಗಿಯ ಸಂಕಟ ಸುಳ್ಳು ಅನ್ನಬೇಡಿ. ದಯವಿಟ್ಟು ಅವರ ಮಾತಿಗೆ ಕಿವಿಗೊಡಿ. ರಕ್ತ ಪರೀಕ್ಷೆಗೆ ಗ್ರಾಹಕಗಳ ಬದಲಾವಣೆ ಕಾಣುವುದಿಲ್ಲ.

ಎಂಪಿಟಿಪಿ ಹೊಕ್ಕ ಮೂವರ ಮಿದುಳನ್ನು ಅವರ ಮರಣದ ನಂತರ ಪರೀಕ್ಷಿಸಿದ ವರದಿ 1999ರಲ್ಲಿ ಬಂತು. ವಿಷ ತಗುಲಿದ ಮೇಲೆ ಅವರು ಬದುಕಿದ್ದು 3ರಿಂದ 16 ವರ್ಷ. ಅಷ್ಟು ಕಾಲ ಕಳೆದಿದ್ದರೂ ನರಕೋಶಗಳು ಇನ್ನೂ ಸಾಯುತ್ತಲೇ ಇದ್ದ ಗುರುತುಗಳು ಅಲ್ಲಿದ್ದವು.

ನಮಸ್ಕಾರ.